ಹವಳದ ತೊಟ್ಟಿಗೆ ಹುಲೇಕಲ್ಲಿನ ನೀರು

ಸ್ನೇಹಿತರೇ, ಇಂದು ಬೆಳಿಗ್ಗೆ ಇಸಳೂರಿನ ನಮ್ಮ ನೆರೆಮನೆಯಲ್ಲಿ, ಹೆಂಡತಿಯ ಅಣ್ಣ ಮಂಜಣ್ಣ ಹವಳದ ತೊಟ್ಟಿಗೆ ನೀರು ಸುರಿಯಲು ಎತ್ತಿದ ತಂಬಿಗೆಯನ್ನು ವಿನಾಯಕ ಅರ್ಧದಲ್ಲೇ ತಡೆದ.

ವಿನಾಯಕ ನನ್ನ ಹಳೆಯ ವಿದ್ಯಾರ್ಥಿ. ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ನಾಲ್ಕು ವರ್ಷಗಳಿಂದ ಜೀವಂತ ಹವಳ ಬೆಳೆಸುತ್ತಿದ್ದಾನೆ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ದಿನವೂ ಶುದ್ಧವಾದ ಸಿಹಿನೀರನ್ನೇ ಸೇರಿಸಬೇಕು. ಅವನ ಫಿಲ್ಟರ್ ಕೆಟ್ಟಿದೆಯೆಂದು ತಿಳಿದು ಮಂಜಣ್ಣ ಹುಲೇಕಲ್ಲಿನಿಂದ ಒಂದು ಕ್ಯಾನು ಒರತೆಯ ನೀರು ತಂದಿದ್ದರು. ಬೈಕಿನಿಂದ ಇಳಿಸಲು ನಾನೂ ಕೈಹಚ್ಚಿದ್ದೆ.

ಕ್ಯಾನಿನ ಮುಚ್ಚಳದ ಸುತ್ತ ನೀಲಿ ಕಲೆಯಿತ್ತು.

"ಬಾವ, ಇದ್ರಲ್ಲಿ ಮೈಲುತುತ್ತ ಕಲಸಿದ್ಯ?"

"ಅಡಕೆ ಕೊಳೆರೋಗಕ್ಕೆ ಔಷಧ ಹೊಡೆಯಕಾರೆ ಕಲಸಿದ್ದಿ. ಮೂರು ಸಲ ತೊಳದ್ದಿ ಮಾರಾಯ!"

"ಒಂದು ಚೂರು ತಾಮ್ರ ಉಳಿದ್ರೂ ಹವಳ ಸಾಯ್ತು."

"ಅಡಕೆ ಉಳಿಸೋ ಔಷಧ ಹವಳ ಕೊಲ್ತಾ? ಮಾಸ್ತರೇ, ನೀವೇ ಹೇಳಿ."

ಮೈಲುತುತ್ತವೆಂದರೆ ತಾಮ್ರದ ಸಲ್ಫೇಟು ಎಂದು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಕ್ಯಾನು ಇಳಿಸುವಾಗ ಅದು ನೆನಪಾಗಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. "ವಿನಾಯಕ ಹೇಳಿದ್ದೇ ಸರಿ. ಪಾತ್ರೆಯ ಪೂರ್ವಚರಿತ್ರೆ ತಿಳಿಯದೆ ತೊಟ್ಟಿಗೆ ಹನಿ ನೀರನ್ನೂ ಹಾಕಬಾರದು" ಎಂದು ತೀರ್ಪಿತ್ತೆ.

ಮಂಜಣ್ಣನ ಮುಖ ಕೆಂಪಾಯಿತು. ಒಳಗಿದ್ದ ತಂಗಿಯನ್ನು ಕೂಗಿದರು: "ಕೂಸೇ, ಇದೇ ನೀರಲ್ಲಿ ಚಾ ಮಾಡು. ಮಾಸ್ತರೂ ಕುಡೀಲಿ, ಎಂತಾ ಆಗ್ತಿಲ್ಲೆ!"

ಹವಳಗಳು ಉಳಿದವು. ಚಹಾ ಬಿಟ್ಟು ಆರು ತಿಂಗಳಾಯಿತೆಂದು ಸುಳ್ಳು ಹೇಳಿ ನಾನೂ ಉಳಿದೆ. ಇನ್ನು ಆ ಮನೆಯಲ್ಲಿ ಚಹಾ ಕುಡಿಯುವಂತಿಲ್ಲ.