ಹೊಳೆ ದಾಟಿದ ಸರ್ಕಾರಿ ಸೈಕಲ್ಲು

ನೇರವಾಗಿ ಹೇಳಿಬಿಡುತ್ತೇನೆ: ಹೊಳೆ ದಾಟೋಣ ಅಂದವನು ನಾನು. ನನ್ನ ಗೆಳೆಯ ಬೇಡ ಅಂದಿದ್ದ.

ಆಗ ನಾನು ಗಂಗಾವತಿಯಲ್ಲಿ ಒಂದು ಹೊಲಿಗೆ ಮಿಷಿನ್ನು ಇಟ್ಟುಕೊಂಡು ಕೂತಿದ್ದೆ. ಗೆಳೆಯ ಸರ್ಕಾರಿ ಕಚೇರಿಯ ಜವಾನ. ನಿಜಾಮರ ರಾಜ್ಯ, ಹಾಗಾಗಿ ಶುಕ್ರವಾರ ಸೂಟಿ. ಹಳ್ಳಿಗಳಿಗೆ ಟಪಾಲು ಒಯ್ಯಲು ಕಚೇರಿಗೆ ಇದ್ದದ್ದು ಒಂದೇ ಸೈಕಲ್ಲು. ಅದನ್ನು ಅವನು ತನ್ನ ಮನೆಯಲ್ಲೇ ಇಡುತ್ತಿದ್ದ. ಯುದ್ಧದ ಕಾಲ, ಟೈರು ಕಣ್ಣಿಗೆ ಬೀಳುವುದೇ ಅಪರೂಪ. ಅಂಥದರಲ್ಲೂ ಅದಕ್ಕೆ ಎರಡು ಹೊಸ ಟೈರು ಬಂದಿದ್ದವು. ಸೂಟಿಯ ದಿನ ಅಂಥ ಸೈಕಲ್ಲು ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದರೆ ಇಪ್ಪತ್ತೆರಡು ವರ್ಷದ ಹುಡುಗರ ಬುದ್ಧಿ ನೆಟ್ಟಗಿರುತ್ತದೆಯೇ?

"ಆನೆಗೊಂದಿಮಟ ಹೋಗಿ ಹೊಳಿ ನೋಡ್ಕೊಂಡು ಬರೂಣು ಬಾರೋ," ಅಂದೆ.

ಸೈಕಲ್ಲಿನ ಮುಂದೆ ಉರ್ದುವಿನಲ್ಲಿ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಇತ್ತು. ಸರ್ಕಾರಿ ಸೈಕಲ್ಲಿನ ಮೇಲೆ ಮಜಾ ಮಾಡುತ್ತಿದ್ದಾನೆ ಎಂದು ಯಾರಾದರೂ ಚಾಡಿ ಹೇಳಿದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ತಾಯಿ, ಮದುವೆಯಾಗದ ಇಬ್ಬರು ತಂಗಿಯರು. ಅದಕ್ಕೇ ಅವನು ಬಿಲ್ಲೆಯ ತಿರುಪು ಬಿಚ್ಚಿ ಅದನ್ನು ಅಂಗಿಯ ಒಳಗಿಸೆಗೆ ಹಾಕಿಕೊಂಡ. ಆ ಒಳಗಿಸೆ ಹೊಲಿದುಕೊಟ್ಟವನೂ ನಾನೇ.

ಅವನು ತುಳಿದರೆ ನಾನು ಹಿಂದೆ, ನಾನು ತುಳಿದರೆ ಅವನು ಹಿಂದೆ. ಭತ್ತದ ಗದ್ದೆ ಮುಗಿದ ಮೇಲೆ ಬಂಡೆಗುಡ್ಡ ಶುರುವಾಯಿತು. ಅಲ್ಲಿಂದ ಸರ್ಕಾರ ಕಾಯ್ದಿಟ್ಟ ಅಡವಿ. ದನ ಬಿಡುವಂತಿಲ್ಲ, ಕಟ್ಟಿಗೆ ಮುಟ್ಟುವಂತಿಲ್ಲ, ಬೇಟೆ ದೊಡ್ಡ ಸಾಹೇಬರಿಗೆ ಮಾತ್ರ. ಅಡವಿಯ ಕಾವಲುಗಾರ ಕೋಲು ಅಡ್ಡ ಹಿಡಿದ.

"ಎಲ್ಲಿಗೆ ಹೊಂಟೀರಿ?"

"ಹೊಳಿ ನೋಡಾಕ್ರಿ."

"ಯಾಕ, ಮನ್ಯಾಗ ನೀರಿಲ್ಲೇನು?" ಅಂತ ನಕ್ಕ. ಆಮೇಲೆ ನಗು ನಿಲ್ಲಿಸಿ, "ಹಾದಿ ಬಿಟ್ಟು ಇಳೀಬ್ಯಾಡ್ರಿ ಮತ್ತ. ಕರಡಿ ಮರಿ ಹಾಕೈತಿ," ಅಂದ.

ಗುಡ್ಡ ಇಳಿಯುವ ತನಕ ಇಬ್ಬರೂ ಬಂಡೆಗಳ ಸಂದಿಯನ್ನೇ ನೋಡುತ್ತ ಹೋದೆವು. ಕರಡಿ ಕಾಣಲಿಲ್ಲ. ಕಂಡದ್ದು ತುಂಗಭದ್ರೆ. ಆಚೆ ದಡದಲ್ಲಿ ಹಂಪಿಯ ಗೋಪುರ. ಆ ಕಡೆ ಇಂಗ್ಲಿಷರ ಸರ್ಕಾರ.

ಈಚೆ ದಡದಲ್ಲಿ ನಮ್ಮ ಕಡೆಯ ಕರೋಡಗಿರಿ ನಾಕಾ. ಆಚೆಯಿಂದ ಬರುವ ಮಾಲಿಗೆ ಅಲ್ಲಿ ಸುಂಕ ಕಟ್ಟಬೇಕು. ಇಲ್ಲಿಂದ ಒಯ್ದದ್ದನ್ನು ವಾಪಸು ತರುವುದಾದರೆ ಹೋಗುವಾಗಲೇ ಒಂದು ಚೀಟಿ ಬರೆಸಿಕೊಳ್ಳಬೇಕು. ಗುಮಾಸ್ತ ಜುಮ್ಮಾ ನಮಾಜಿಗೆ ಹೋಗಿದ್ದ. ಅಂಬಿಗ ಹರಿಗೋಲು ಬಿಚ್ಚುತ್ತಿದ್ದ.

"ತಡಿ, ಅಂವ ಬರ್ಲಿ. ಇಲ್ಲಂದ್ರ ದಾಟೂದು ಬ್ಯಾಡ," ಅಂದ ಗೆಳೆಯ.

"ಸಂಜಿಮಟ ಇಲ್ಲೇ ಕುಂದ್ರತಿ ಏನು? ಯಾರ್ ಕೇಳ್ತಾರ ಬಾ, ಅಂಜುಬುರುಕ!"

ಬಂದ. ಹರಿಗೋಲು ನಡುನೀರಿನಲ್ಲಿ ಗಿರ್ರನೆ ತಿರುಗಿತು. ತೊಡೆಯ ಮೇಲೆ ಅಡ್ಡ ಮಲಗಿಸಿದ್ದ ಸೈಕಲ್ಲು ಜಾರಿ, ಹಿಂದಿನ ಗಾಲಿ ನೀರು ಮುಟ್ಟಿತು. "ಹಿಡೀರೋ, ಬಿಟ್ರ ಮೊಸಳಿ ಸೈಕಲ್ ಹತ್ತಿ ಹೊಡಿತೈತಿ!" ಎಂದು ಅಂಬಿಗ ಕೂಗಿದ. ಗೆಳೆಯನಿಗೆ ನಗು ಬರಲಿಲ್ಲ.

ಹಂಪಿಯ ಕಲ್ಲುಮಂಟಪಗಳ ನಡುವಿನ ಅಗಲ ಬೀದಿಯಲ್ಲಿ ನಾನು ಹ್ಯಾಂಡಲ್ ಬಿಟ್ಟು ಸೈಕಲ್ಲು ಹೊಡೆದೆ. ಅಷ್ಟು ಸುಖ ಆಮೇಲೆ ಯಾವ ಸವಾರಿಯಲ್ಲೂ ಸಿಗಲಿಲ್ಲ. ಗೆಳೆಯ ಮಾತ್ರ ಮತ್ತೆ ಮತ್ತೆ ಹೊಳೆಯ ಕಡೆಗೇ ನೋಡುತ್ತಿದ್ದ.

ತಿರುಗಿ ಬಂದಾಗ ಗುಮಾಸ್ತ ಕುರ್ಚಿಯ ಮೇಲಿದ್ದ.

"ಈ ಗಾಡಿ ಎಲ್ಲೀದು?"

"ಗಂಗಾವತೀದ್ರಿ ಸಾಹೇಬ್ರ," ಅಂದ ಗೆಳೆಯ.

"ಚೀಟಿ?"

ಗುಮಾಸ್ತ ಬಗ್ಗಿ ಟೈರಿನ ಮೇಲೆ ಉಗುರು ಎಳೆದ. "ಹೊಸಾ ಟೈರು. ಹೊಸಪೇಟ್ಯಾಗ ಖರೀದಿ ಮಾಡೀರಿ. ಗಾಡಿ ಜಪ್ತ್." ದಪ್ಪ ಪುಸ್ತಕ ತೆರೆದು ಬರೆಯತೊಡಗಿದ.

ಸೈಕಲ್ಲು ಇಲ್ಲೇ ಉಳಿದರೆ ನಾಳೆ ಕಚೇರಿಯಲ್ಲಿ ಏನು ಹೇಳುವುದು? ಬಿಲ್ಲೆ ತೋರಿಸಿದರೆ ಸೈಕಲ್ಲು ಬರುತ್ತದೆ, ಆದರೆ ಕಳ್ಳಸವಾರಿ ಬಯಲಾಗುತ್ತದೆ. ಗೆಳೆಯನ ಕೈ ಎದೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಲೇಖನಿ ಕರಕರ ಅನ್ನುತ್ತಿತ್ತು. ಕೊನೆಗೆ ಅವನು ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ.

ಗುಮಾಸ್ತ ಓದಿದ. ಎದ್ದು ನಿಂತ. "ಸರ್ಕಾರಿ ಗಾಡಿ! ಬಿಲ್ಲಿ ಕಿತ್ತು ಆಚೀಕಡೆ ಮಾರಾಕ ಒಯ್ದಿದ್ದೇನು?"

ಈ ಮಾತು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಇದು ಕೆಲಸ ಹೋಗುವ ಮಾತಲ್ಲ, ಜೈಲಿನ ಮಾತು.

"ಮಾರಾಕ ಒಯ್ದಿದ್ರ ಹೊಳ್ಳಿ ಯಾಕ್ ತರ್ತಿದ್ದೆ ರೀ?" ಅಂದ ಗೆಳೆಯ.

ಗುಮಾಸ್ತ ಬಿಲ್ಲೆಯನ್ನು ಸೈಕಲ್ಲಿನ ತೂತುಗಳಿಗೆ ತಾನೇ ಹಿಡಿದು ನೋಡಿದ. ಕೂಡಿತು. "ದಾಟು ಅಂತ ಹೇಳಿದಾಂವ ಯಾಂವ?"

ನಾನು ಅಲ್ಲೇ, ಒಂದು ಮೊಳ ದೂರದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

"ಯಾರೂ ಹೇಳಿಲ್ರಿ. ನನಗಽ ನೋಡಬೇಕನಿಸ್ತು," ಅಂದ ಗೆಳೆಯ.

ಗುಮಾಸ್ತ ಸೈಕಲ್ಲು ಬಿಟ್ಟ. ಆದರೆ ನಡೆದದ್ದನ್ನೆಲ್ಲ ಬರೆದು, ಲಕೋಟೆಗೆ ಅರಗು ಹಾಕಿ, ಗೆಳೆಯನ ಕೈಗೇ ಕೊಟ್ಟ. "ನಾಳೆ ನಿಮ್ಮ ಸಾಹೇಬ್ರಿಗೆ ಮುಟ್ಟಿಸು."

ಅಡವಿ ಹಾದಿಗೆ ಬಂದಾಗ ನಾನು, "ಹರಿದು ಒಗಿ ಅದನ್ನ," ಅಂದೆ.

"ಅವನ ಪುಸ್ತಕದಾಗ ನಕಲು ಐತಿ. ನೀ ಅಂಗಿ ಹೊಲಿ. ಕಚೇರಿ ಮಾತು ನನಗ ಹೇಳಬ್ಯಾಡ." ಊರು ಮುಟ್ಟುವ ತನಕ ಅವನೇ ಸೈಕಲ್ಲು ತುಳಿದ. ಕರಡಿಯ ನೆನಪು ಇಬ್ಬರಿಗೂ ಬರಲಿಲ್ಲ.

ಶನಿವಾರ ಬೆಳಿಗ್ಗೆ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ನಿಂತೆ. ಒಳಗೆ ಹೋಗಿ ನಿಜ ಹೇಳಬೇಕೆಂದು ಮೆಟ್ಟಿಲ ತನಕ ಹೋದೆ, ತಿರುಗಿ ಗಿಡದ ಕೆಳಗೆ ಬಂದೆ. ಮತ್ತೊಮ್ಮೆ ಹೋದೆ, ಮತ್ತೆ ಬಂದೆ. ಬಹಳ ಹೊತ್ತಿನ ಮೇಲೆ ಗೆಳೆಯ ಹೆಗಲಿಗೆ ಟಪಾಲು ಚೀಲ ಹಾಕಿಕೊಂಡು ಹೊರಗೆ ಬಂದ.

"ಕೆಲಸ ಉಳೀತು. ಸೈಕಲ್ ಬ್ಯಾರೆ ಜವಾನಗ ಕೊಟ್ರು. ಇನ್ಮ್ಯಾಲೆ ನಾ ನಡಕೋತ ಹೋಗಬೇಕು. ಇವತ್ತು ಕನಕಗಿರಿ, ನಾಳೆ ಹುಲಿಹೈದರ."

"ನಾನಽ ಹೇಳಿದ್ದು ಅಂತ ಹೇಳಬೇಕಿತ್ತು ನಾ..."

"ನಿನ್ನಿ ನಾಕಾದಾಗ ಹೇಳಬೇಕಿತ್ತು. ಈಗ ಹೇಳಿ ಏನ್ ಮಾಡ್ತಿ, ನನ್ನ ಕಾಲು ಒತ್ತತಿ ಏನು?"

ಅಂದವನೇ ಹೊರಟುಬಿಟ್ಟ. ನಾನು ಅಂಗಡಿಯ ಕಡೆ ಹೋಗಲಿಲ್ಲ, ಅವನ ಹಿಂದೆ ನಡೆದೆ. ಊರಾಚೆ ಒಮ್ಮೆ ತಿರುಗಿ, "ಹೊಳ್ಳಿ ಹೋಗೋ ಟೇಲರ್, ಬಿಸಲು ಭಾಳ ಐತಿ," ಅಂದ. ಹೋಗಲಿಲ್ಲ. ಚೀಲವನ್ನಾದರೂ ಹೊರೋಣ ಎಂದು ಕೈ ಚಾಚಿದೆ.

"ಮುಟ್ಟಬ್ಯಾಡ. ಸರ್ಕಾರಿ ಚೀಲ."

ಕನಕಗಿರಿಯ ತನಕ ನಾನು ಬರಿಗೈಯಲ್ಲೇ ನಡೆದೆ.