ಒಂದೇ ವಿಳಾಸದ ಎರಡು ಪತ್ರಗಳು

ತೆಲಂಗಾಣದ ಗಡಿಯೂರಾದ ಮಕ್ತಲದ ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವರಲ್ಲಿ ನಾನೇ ಮೊದಲಿಗ. ಕನ್ನಡವನ್ನು ಶಾಲೆಯಲ್ಲೂ ತೆಲುಗನ್ನು ಬಜಾರಿನಲ್ಲೂ ಕಲಿತವನು. ಇಂದಿಗೂ ಒಂದು ಪುಟ ಬರೆದರೆ ಎರಡು ಸಲ ತಿದ್ದುತ್ತೇನೆ. ಆದರೂ ಈ ನಿರೂಪಣೆಯಲ್ಲಿ ಕೊರತೆಗಳು ಉಳಿದಿದ್ದರೆ ಓದುಗರು ಮನ್ನಿಸಬೇಕೆಂದು ಮೊದಲೇ ವಿನಂತಿಸುತ್ತೇನೆ.

ತೆಲಂಗಾಣ ಪ್ರತ್ಯೇಕ ರಾಜ್ಯವಾದ ೨೦೧೪ರಲ್ಲಿ ನಾನು ನಾರಾಯಣಪೇಟೆಯ ಪದವಿ ಕಾಲೇಜೊಂದರಲ್ಲಿ ಇತಿಹಾಸದ ಉಪನ್ಯಾಸಕನಾಗಿದ್ದೆ. ಜೊತೆಗೆ ಗಡಿಭಾಗದ ಕನ್ನಡವನ್ನೂ ಹಾಡುಗಳನ್ನೂ ಅಧ್ಯಯನ ಮಾಡುವವರ ಇಮೇಲ್ ಚರ್ಚಾ ಬಳಗವೊಂದರ ನಿರ್ವಾಹಕನಾಗಿದ್ದೆ. ಇಂಥ ಬಳಗಕ್ಕೆ ಒಂದು ಸಾಮಾನ್ಯ ವಿಳಾಸವಿರುತ್ತದೆ. ಅದಕ್ಕೆ ಒಬ್ಬರು ಕಳಿಸಿದ ಪತ್ರ ಎಲ್ಲ ಸದಸ್ಯರಿಗೂ ತಲುಪುತ್ತದೆ. ಹೊಸಬರನ್ನು ಸೇರಿಸುವುದು, ದಾರಿ ತಪ್ಪಿದ ಚರ್ಚೆಯನ್ನು ವಿಷಯಕ್ಕೆ ತರುವುದು, ಒಬ್ಬರಿಗೆ ಹೇಳಬೇಕಾದದ್ದನ್ನು ‘ರಿಪ್ಲೈ ಆಲ್’ ಒತ್ತಿ ಎಲ್ಲರಿಗೂ ಹಂಚಿದವರಿಗೆ ವಿನಯದಿಂದ ತಿಳಿಹೇಳುವುದು ನನ್ನ ಕೆಲಸ. ಎದುರು ಸಿಕ್ಕರೆ ಚಹಾ ಕುಡಿಸದೆ ಬಿಡದವರು ಪತ್ರದಲ್ಲಿ ಅಷ್ಟು ಗಡುಸಾಗುವುದೇಕೆ ಎಂಬ ಕುತೂಹಲ ನನಗೆ ಆಗ ಹುಟ್ಟಿದ್ದು, ಈಗಲೂ ಹೋಗಿಲ್ಲ.

ಗದ್ವಾಲಕ್ಕೆ ಮದುವೆಯಾಗಿ ಹೋಗಿದ್ದ ನನ್ನ ತಂಗಿ ನೀಲಮ್ಮನೂ ಬಳಗದಲ್ಲಿದ್ದಳು. ಎಂ.ಎ. ಮುಗಿಸಿದ್ದ ಅವಳಿಗೆ ಕುರುಬರ ದೈವ ಬೀರಪ್ಪನ ಡೊಳ್ಳಿನ ಹಾಡುಗಳ ಮೇಲೆ ಪಿಎಚ್.ಡಿ. ಮಾಡುವ ಆಸೆ. ಆ ವಿಷಯವನ್ನು ಬಲ್ಲ ಪ್ರಾಧ್ಯಾಪಕಿಯೊಬ್ಬರು ಹೈದರಾಬಾದಿನಲ್ಲಿದ್ದರು, ಬಳಗದ ಸದಸ್ಯರೂ ಆಗಿದ್ದರು. ಅವರು ಮಾರ್ಗದರ್ಶಕರಾಗಲು ಒಪ್ಪದಿದ್ದರೆ ನೀಲಮ್ಮನಿಗೆ ಬೇರೆ ದಾರಿ ಇರಲಿಲ್ಲ.

ಕೃಷ್ಣೆಯ ಎರಡೂ ದಡಗಳ ಡೊಳ್ಳಿನ ಹಾಡುಗಳು ಮೂಲದಲ್ಲಿ ಒಂದೇ ಎಂದು ವಾದಿಸುವ ಲೇಖನದ ಕರಡನ್ನು ಪ್ರಾಧ್ಯಾಪಕಿ ಒಮ್ಮೆ ಬಳಗಕ್ಕೆ ಕಳಿಸಿದರು. ಮರುದಿನ ಬೆಳಿಗ್ಗೆ ನೀಲಮ್ಮನ ವಿಳಾಸದಿಂದ ಉತ್ತರ ಬಂತು: “ಮಾನ್ಯರೇ, ನಮಸ್ಕಾರಗಳು. ತಮ್ಮ ಬರಹದಿಂದ ಬಹಳ ಕಲಿತೆ. ತಮ್ಮ ಮಾರ್ಗದರ್ಶನದಲ್ಲಿ ಮುಂದುವರಿಯುವ ಆಸೆಯಿದೆ.” ಸಂಜೆ ಅದೇ ವಿಳಾಸದಿಂದ ಮತ್ತೊಂದು ಪತ್ರ: “ಹೈದರಾಬಾದಿನಲ್ಲಿ ಫ್ಯಾನಿನ ಕೆಳಗೆ ಕುಳಿತವರಿಗೆ ಡೊಳ್ಳು ಕೇಳಿಸುವುದಿಲ್ಲ. ಮೊದಲು ಗದ್ವಾಲದ ಬಸ್ಸು ಹತ್ತಿರಿ, ಆಮೇಲೆ ಬರೆಯಿರಿ.” ಕೆಳಗೆ ಹೆಸರಿರಲಿಲ್ಲ.

ಬಳಗ ಕೆರಳಿತು. “ಬೆಳಿಗ್ಗೆ ಕಾಲಿಗೆ ಬಿದ್ದು ಸಂಜೆ ಕಾಲೆಳೆಯುವ ಇವರಾರು?” ಎಂದು ಒಬ್ಬರು ಬರೆದರು. “ರಾಜ್ಯ ಹೊಸದಾದ ಹಾಗೆ ಮರ್ಯಾದೆಯೂ ಹೊಸದಾಯಿತೇ?” ಎಂದು ಇನ್ನೊಬ್ಬರು. ಈ ವಿಳಾಸವನ್ನು ತೆಗೆದುಹಾಕಿ ಎಂದು ಹಲವರು ಒತ್ತಾಯಿಸಿದರು. ಪ್ರಾಧ್ಯಾಪಕಿ ನನಗೊಬ್ಬನಿಗೇ ಬರೆದರು: “ಬೆಳಗಿನವರು, ಸಂಜೆಯವರು ಇಬ್ಬರಲ್ಲಿ ನನ್ನ ವಿದ್ಯಾರ್ಥಿನಿಯಾಗುವವರು ಯಾರೆಂದು ತಿಳಿಯುವವರೆಗೆ ನಾನು ಒಪ್ಪಿಗೆ ಕೊಡಲಾರೆ.”

ತೆಗೆದುಹಾಕಿದರೆ ತಂಗಿಗೆ ಅನ್ಯಾಯವಾಗಬಹುದು. ಸುಮ್ಮನಿದ್ದರೆ ತಂಗಿಯೆಂದು ಬಿಟ್ಟನೆಂಬ ಮಾತು ಬರುತ್ತದೆ. ಪ್ರತಿ ಪತ್ರವೂ ಮೊದಲು ನಿರ್ವಾಹಕನ ಕೈಗೆ ಬಂದು, ಆತ ಬಿಟ್ಟ ಮೇಲಷ್ಟೇ ಸದಸ್ಯರಿಗೆ ಹೋಗುವ ಏರ್ಪಾಡೊಂದಿದೆ. ನಾನು ಅದನ್ನು ಜಾರಿಗೆ ತಂದು, ಈ ವಿಷಯದ ಚರ್ಚೆಯನ್ನು ಸ್ವಲ್ಪ ತಡೆಯುವಂತೆ ಎಲ್ಲರನ್ನೂ ಕೋರಿದೆ. ಫೋನಿನಲ್ಲಿ ಕೇಳುವ ಮಾತಲ್ಲವೆಂದು ಭಾನುವಾರ ಮಕ್ತಲದಲ್ಲಿ ಬಸ್ಸು ಬದಲಿಸಿ ಗದ್ವಾಲಕ್ಕೆ ಹೋದೆ.

ಬೆಳಗಿನ ಪತ್ರ ಕಳಿಸಿದ ಮೇಲೆ ಇಮೇಲ್ ನೋಡದಿದ್ದ ನೀಲಮ್ಮ, ನಾನು ತೋರಿಸಿದ ಸಂಜೆಯ ಪತ್ರವನ್ನು ಓದಿ, “ಇದು ನಾ ಬರದದ್ದಲ್ಲಣ್ಣ” ಎಂದು, ತನ್ನ ಇಮೇಲ್ ತೆರೆದೇ ಇರುತ್ತಿದ್ದ ಪಡಸಾಲೆಯ ಕಂಪ್ಯೂಟರಿನತ್ತ ನೋಡಿದಳು. ಅಷ್ಟರಲ್ಲಿ ಅವಳ ಮಾವ, ನಿವೃತ್ತ ಮುಖ್ಯೋಪಾಧ್ಯಾಯ ಮೈಲಾರಪ್ಪ ಮಾಸ್ತರು, ಹೊರಗಿನಿಂದ ಬಂದರು.

“ಏನ್ರಿ ಬೀಗರ, ಊಟದ ಹೊತ್ತಿಗಿ ಸರಿಯಾಗಿ ಬಂದೀರಿ. ನಾ ಬರದದ್ದು ಓದಿರೇನು? ಆ ಪ್ರೊಫೆಸರ್ ಬಾಯಾರಿಗಿ ಮುಟ್ಟೈತೋ ಇಲ್ಲೋ?”

ಅವರ ಮುಖದಲ್ಲಿ ಅಳುಕಿರಲಿಲ್ಲ, ಹೊಗಳಿಕೆಗಾಗಿ ಕಾಯುತ್ತಿರುವಂತಿದ್ದರು. ನಾನು ಮೆಲ್ಲಗೆ, “ಅದು ನೀಲಮ್ಮನ ವಿಳಾಸ ಅಲ್ಲೇನ್ರಿ ಮಾಸ್ತರ್ರ?” ಎಂದೆ.

“ಮನೀಗಿ ಬಂದ ಕಾಗದ ಮನಿಮಂದೀದ್ರಿ. ನಮ್ಮಪ್ಪನ ಕಾಲದಿಂದ್ಲೂ ಯಾರ ಹೆಸರಿಗಿ ಬಂದ್ರೂ ಹಿರ್ಯಾರು ಒಡದು ಓದಿ ಹೇಳ್ತಾರ, ಜವಾಬೂ ಅವರೇ ಬರೀತಾರ. ಸೊಸಿ ನಮಸ್ಕಾರ ಬರದಿದ್ಲು, ಖರೆ ಮಾತು ಬರಿಯೋದು ಉಳದಿತ್ತು. ನಾ ಬರದೆ.”

ವರ್ಷಗಟ್ಟಲೆ ಇಡೀ ಓಣಿಯ ಕಾಗದಗಳನ್ನು ಓದಿ, ಉತ್ತರ ಬರೆದುಕೊಟ್ಟವರು ಅವರು. ಇಮೇಲ್ ಅವರ ಪಾಲಿಗೆ ಬೇಗ ಬರುವ ಕಾಗದ, ಅಷ್ಟೆ.

ಅಡುಗೆಮನೆಯಲ್ಲಿ ನಾನು ಪ್ರಾಧ್ಯಾಪಕಿಯ ಷರತ್ತನ್ನು ಹೇಳಿದಾಗ ನೀಲಮ್ಮ ನನ್ನ ದಾರಿಗೆ ಅಡ್ಡ ನಿಂತಳು. “ಮಾವನ ಹೆಸರು ಬಳಗದಾಗ ಎತ್ತಬ್ಯಾಡಣ್ಣ. ಮದಿವಿ ಆದಮ್ಯಾಲೆ ನನಗ ಓದಾಕ ಕಳಿಸಿದವ್ರು ಅವರೇ. ಪಿಎಚ್.ಡಿ. ಹೋದ್ರ ಹೋಗ್ಲಿ.”

ನಿಜ ಹೇಳದೆ ಬಳಗದಲ್ಲಿ ಅವಳು ಉಳಿಯುವಂತಿರಲಿಲ್ಲ. ನಾನು ಹೇಳುವಂತೆಯೂ ಇರಲಿಲ್ಲ. ಊಟದ ನಂತರ ನಾನು ಮಾಸ್ತರರಿಗೆ ಅವರದೇ ಒಂದು ವಿಳಾಸ ಮಾಡಿಕೊಡುತ್ತೇನೆಂದೆ.

“ಬ್ಯಾರೆ ವಿಳಾಸ ಯಾಕ್ರಿ? ಒಂದ ಮನ್ಯಾಗ ಎರಡು ಒಲಿ ಹೂಡಿದಂಗಾಗ್ತೈತಿ.”

“ನೀವು ಬರದದ್ದನ್ನ ಎಲ್ಲಾರೂ ನೀಲಮ್ಮ ಬರದಾಳಂತ ತಿಳದಾರ್ರಿ.”

ಮಾಸ್ತರು ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿದರು. “ನನ್ನ ಮಾತು ಅಕೀದಂತ? ಅಕಿಗಿ ಡೊಳ್ಳು ಹಿಡಿಯಾಕೂ ಬರಂಗಿಲ್ಲಲ್ರಿ.” ಒಳಗಿನಿಂದ ನೀಲಮ್ಮ ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ಅವರು ತಾವಾಗಿಯೇ, “ಹಂಗಾರ ಬೈಗಳಾನೂ ಅಕೀಗೇ ಬಿದ್ದಾವೇನು?” ಎಂದು ಕೇಳಿದರು. ನಾನು ಹೌದೆಂದೆ. ಅವರು ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕುಳಿತರು.

ಹೊಸ ಸದಸ್ಯರು ಮೊದಲು ತಮ್ಮ ಪರಿಚಯ ಬರೆಯುವುದು ಬಳಗದ ರೂಢಿ. ಮಾಸ್ತರರ ಪರಿಚಯ ಹೀಗಿತ್ತು: “ನಾನು ಮೈಲಾರಪ್ಪ, ಗದ್ವಾಲ, ನಿವೃತ್ತ ಮುಖ್ಯೋಪಾಧ್ಯಾಯ. ಅಂದಿನ ನಮಸ್ಕಾರ ನನ್ನ ಸೊಸೆಯದು, ಬಸ್ಸಿನ ಮಾತು ನನ್ನದು. ಮನೆಯ ಕಾಗದವೆಂದು ಬರೆದೆ. ಎರಡು ದಡದ ಹಾಡುಗಳ ಧಾಟಿ ಒಂದೇ ಅಲ್ಲ ಎಂಬ ಮಾತಿಗೆ ಈಗಲೂ ಬದ್ಧ. ಆದರೆ ಮನೆಗೆ ಬಂದವರಿಗೆ ಹೇಳುವ ಹಾಗೆ ಹೇಳಬೇಕಿತ್ತು. ಬನ್ನಿ, ಕೇಳಿಸುತ್ತೇವೆ.” ಒಂದು ಅಕ್ಷರವನ್ನೂ ತಿದ್ದದೆ ನಾನು ಆ ಪತ್ರವನ್ನು ಬಳಗಕ್ಕೆ ಬಿಟ್ಟೆ. ಅಷ್ಟು ಆತಂಕದಿಂದ ನಾನು ಯಾವ ಗುಂಡಿಯನ್ನೂ ಒತ್ತಿದವನಲ್ಲ.

ಪ್ರಾಧ್ಯಾಪಕಿಯ ಉತ್ತರ ಎಲ್ಲರಿಗೂ ಬಂತು: “ಗದ್ವಾಲಕ್ಕೆ ಬಸ್ಸು ಎಷ್ಟು ಗಂಟೆಗೆ?”

ಅವರು ಬಂದರು, ಡೊಳ್ಳು ಕೇಳಿದರು, ಕರಡನ್ನು ಬದಲಿಸಿದರು. ಬಳಗದಲ್ಲಿ ನಾನು ಎರಡು ನಿಯಮ ಸೇರಿಸಿದೆ: ಪತ್ರದ ಕೊನೆಗೆ ಹೆಸರು ಮತ್ತು ಊರು ಇರಬೇಕು, ಯಾರನ್ನೇ ಆಗಲಿ ತೆಗೆಯುವ ಮೊದಲು ನಿರ್ವಾಹಕ ಅವರೊಡನೆ ಖುದ್ದಾಗಿ ಮಾತಾಡಬೇಕು. ಪತ್ರವೊಂದು ಗಡುಸಾಗಿ ಕಂಡಾಗ, ಅದನ್ನು ಬರೆದವರು ಯಾವ ಮನೆಯ ಯಾವ ರೂಢಿಯಲ್ಲಿ ಕುಳಿತು ಬರೆದಿರಬಹುದೆಂದು ಮೊದಲು ವಿಚಾರಿಸುವುದನ್ನು ಆ ಕೆಲಸ ನನಗೆ ಕಲಿಸಿತು.

ನೀಲಮ್ಮ ಅದೇ ಪ್ರಾಧ್ಯಾಪಕಿಯ ಬಳಿ ಪಿಎಚ್.ಡಿ. ಮುಗಿಸಿ, ಈಗ ಗದ್ವಾಲದಿಂದ ಓಡಾಡುತ್ತ ಮಕ್ತಲದಲ್ಲಿ ಪಾಠ ಮಾಡುತ್ತಾಳೆ. ಗದ್ವಾಲದ ಆ ಮನೆಗೆ ಅಂಚೆಯಲ್ಲಿ ಬರುವ ಕಾಗದವನ್ನೂ ಈಗ ಯಾರ ಹೆಸರಿಗೆ ಬಂದಿದೆಯೋ ಅವರೇ ಒಡೆಯುತ್ತಾರೆ. ಏನು ಬರೆದಿದ್ದಾರೆಂದು ಮಾಸ್ತರು ಕೇಳುತ್ತಾರೆ. ನೀಲಮ್ಮ ತನಗೆ ಬೇಕೆನಿಸಿದ್ದನ್ನು ಓದಿ ಹೇಳುತ್ತಾಳೆ.