ತಟ್ಟೆಗೆ ಮೂರು ಇಟ್ಟ ದಿನ

ಕೈ ಎತ್ತುವುದು ನಮ್ಮ ಮನೆತನದ ಬಳುವಳಿ. ಅಪ್ಪ ಕುರಿಗಳಿಗಿಂತ ಹೆಚ್ಚು ನಮ್ಮನ್ನೇ ಬಡಿದವನು. ಅಣ್ಣ, ನಾನು, ತಮ್ಮ, ಎಲ್ಲರೂ ಮಾತಿಗೆ ಮೊದಲು ಕೈ ಮುಂದೆ ಮಾಡುವವರೇ. ಐಮಂಗಲದ ಹತ್ತಿರ ಹೆದ್ದಾರಿ ಬದಿಯಲ್ಲಿ ಬೇಕರಿ ಇಟ್ಟಿದ್ದವರಿಗೆ ನನ್ನನ್ನು ಕೊಟ್ಟಾಗ, "ಇನ್ಮೇಲೆ ಗುದ್ದೋದಾದ್ರೆ ಹಿಟ್ಟಿಗೆ ಗುದ್ದು, ಮನುಷ್ಯರಿಗಲ್ಲ" ಎಂದು ಅಮ್ಮ ಹೇಳಿ ಕಳಿಸಿದ್ದಳು. ಇಪ್ಪತ್ತು ವರ್ಷ ಅದರಂತೆಯೇ ನಡೆದುಕೊಂಡೆ.

ಮಧ್ಯೆ ಒಮ್ಮೆ ಬೇಕರಿ ಕೆಲಸ ಕಲಿಯಲು ಪುದುಚೇರಿಗೆ ಹೋಗಿದ್ದೆ. ಅಲ್ಲಿ ಫ್ರೆಂಚರ ಪದ್ಧತಿಯ ಕಾಫಿಯೊಂದನ್ನು ಕಂಡೆ. ಊಟವಾದ ಮೇಲೆ ಒಂದೇ ತಟ್ಟೆಯಲ್ಲಿ ಪುಟ್ಟ ಬಟ್ಟಲಿನ ಕಡು ಕಾಫಿ, ಅದರ ಪಕ್ಕದಲ್ಲಿ ಒಂದೊಂದೇ ತುತ್ತಿನ ಸಿಹಿಗಳು, ಮೂರೋ ನಾಲ್ಕೋ. ಕಫೆ ಗೂರ್ಮಾಂ ಎನ್ನುತ್ತಾರೆ. ಎಲ್ಲದರ ರುಚಿಯೂ ಬೇಕು, ಹೊಟ್ಟೆ ಮಾತ್ರ ಭಾರವಾಗಬಾರದು ಎನ್ನುವ ಬೆರಕಿ ಜನರ ಉಪಾಯ. ನನಗೆ ಬಹಳ ಹಿಡಿಸಿತು. ಊರಿಗೆ ಬಂದವಳೇ ನಮ್ಮ ಅಂಗಡಿಯಲ್ಲೂ ಶುರು ಮಾಡಿದೆ. ಅರ್ಧ ಲೋಟ ಗಟ್ಟಿ ಕಾಫಿ, ಜೊತೆಗೆ ದಿಲ್‌ಪಸಂದಿನ ಸಣ್ಣ ತುಂಡು, ಕೊಬ್ಬರಿ ಮಿಠಾಯಿ, ಚಿಕ್ಕ ಬಟ್ಟಲಲ್ಲಿ ಕಸ್ಟರ್ಡ್, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಶೇಂಗಾ ಹೋಳಿಗೆ. "ಇದೇನೇ, ಮಕ್ಳು ಆಟ ಆಡೋ ಅಡುಗೆ ಇದ್ದಂಗೈತೆ" ಎಂದು ಗಂಡ ನಕ್ಕ. ಕಾರಿನವರು ಮಾತ್ರ ಫೋಟೋ ತೆಗೆದುಕೊಂಡು ತಿಂದರು. ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೆ: ಮುರಿದದ್ದು, ಒಡೆದದ್ದು ಯಾವುದೂ ತಟ್ಟೆಗೆ ಹೋಗಕೂಡದು. ಪುದುಚೇರಿಯಲ್ಲಿ ಕಲಿಸಿದ್ದೇ ಹಾಗೆ.

ಅಣ್ಣತಮ್ಮಂದಿರ ಜಗಳ ಆಗಲೇ ನಾಲ್ಕು ವರ್ಷದ್ದು. ಅಣ್ಣನ ಕುರಿಗಳು ತಮ್ಮನ ಈರುಳ್ಳಿ ಹೊಲಕ್ಕೆ ನುಗ್ಗಿದ್ದವು. ತಮ್ಮ ಕೊಡಲಿ ಕಾವಿನಿಂದ ಅಣ್ಣನ ಕಿವಿಯ ಮೇಲೆ ಬೀಸಿದ. ಅಣ್ಣನ ಎಡಗಿವಿ ಅವತ್ತಿನಿಂದ ಕೇಳಿಸುವುದಿಲ್ಲ. ಅಣ್ಣನೇನು ಕಮ್ಮಿಯೇ? ತಲೆಗೆ ಸುತ್ತಿದ ಬಟ್ಟೆ ಬಿಚ್ಚುವ ಮೊದಲೇ ಹೋಗಿ ತಮ್ಮನ ಈರುಳ್ಳಿ ಶೆಡ್ಡಿಗೆ ಬೆಂಕಿ ಇಟ್ಟ. ಆಮೇಲೆ ಒಬ್ಬರ ನೆರಳು ಕಂಡರೆ ಇನ್ನೊಬ್ಬರು ಉಗಿಯುವಂತಾಯಿತು.

ಹೀಗಿರುವಾಗ ಅಣ್ಣನ ಮಗಳಿಗೆ ಹೊಸದುರ್ಗದ ಕಡೆಯಿಂದ ಸಂಬಂಧ ಬಂತು. ಆ ಹುಡುಗಿ ಹೈಸ್ಕೂಲು ಓದಿದ್ದು ನನ್ನ ಮನೆಯಲ್ಲಿ. ನನಗೆ ಮಕ್ಕಳಿಲ್ಲ, ಅವಳೇ ಮಗಳು. ಹುಡುಗನೂ ಅವಳೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಆದರೆ ಹುಡುಗನ ಕಡೆಯ ಹಿರಿಯರು ಪಟ್ಟು ಹಿಡಿದರು: ಒಡಹುಟ್ಟಿದವರೇ ಹೊಡೆದಾಡುವ ಮನೆಯ ಹೆಣ್ಣು ಬೇಡ, ಧಾರೆಗೆ ಅಪ್ಪನ ಪಕ್ಕ ಚಿಕ್ಕಪ್ಪ ನಿಂತರೆ ಮಾತ್ರ ಮದುವೆ. ಹುಡುಗಿ ನನ್ನ ಕಾಲ ಬಳಿ ಕುಳಿತು ಅತ್ತಳು. "ಅತ್ತೆ, ಅವ್ರಿಬ್ರಿಗೂ ಹೇಳೋಳು ನೀನೊಬ್ಬಳೇ" ಎಂದಳು. ಅದು ನಿಜವಾಗಿತ್ತು.

ಭಾನುವಾರ ಮಧ್ಯಾಹ್ನ ಅಂಗಡಿಯ ಅರ್ಧ ಬಾಗಿಲು ಎಳೆದು ಇಬ್ಬರನ್ನೂ ಕರೆಸಿದೆ. ನಾನು, ನನ್ನ ಗಂಡ, ಹುಡುಗಿ, ಅವರಿಬ್ಬರು, ಅಷ್ಟೇ ಜನ. "ಕುಂತ್ಕಳ್ರಿ" ಎಂದು ಗಂಡ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದ. ಒಂದು ಗಂಟೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಹುಡುಗಿ ಚಿಕ್ಕಪ್ಪನ ಕೈ ಹಿಡಿದುಕೊಂಡಳು. ತಮ್ಮ ಗೋಡೆ ನೋಡಿಕೊಂಡೇ "ಆತು, ಧಾರೆಗೆ ನಿಂತ್ಕಂತೀನಿ" ಎಂದ. ಅಣ್ಣ "ಹ್ಞೂಂ" ಎಂದ. ನನಗೆ ಜೀವ ಬಂದಂತಾಯಿತು.

"ಇಬ್ರೂ ಬಾಯಿ ಸಿಹಿ ಮಾಡ್ಕಳ್ರಿ, ಇಲ್ಲಿಗೆ ಮುಗೀತು" ಎಂದ ಗಂಡ. ನಾನು ಒಳಗೆ ಓಡಿದೆ. ಏನಿದ್ದರೂ ಈ ದಿನಕ್ಕೆ ನನ್ನ ಫ್ರೆಂಚ್ ಕಾಫಿಯೇ ಆಗಬೇಕೆಂಬ ಹಮ್ಮು. ಅಣ್ಣನ ತಟ್ಟೆಗೆ ನಾಲ್ಕೂ ಜೋಡಿಸಿದೆ. ತಮ್ಮನ ತಟ್ಟೆಗೆ ಬರುವಾಗ ಉಳಿದಿದ್ದ ಒಂದೇ ಹೋಳಿಗೆ ಡಬ್ಬಿಯ ತಳಕ್ಕೆ ಅಂಟಿ ಮುರಿಯಿತು. ಮುರುಕು ಚೆಂದ ಕಾಣುವುದಿಲ್ಲವೆಂದು ಅದನ್ನು ಪಕ್ಕಕ್ಕೆ ತಳ್ಳಿದೆ. ಪುದುಚೇರಿಯಲ್ಲಿ ಮೂರು ಇಡುವುದೂ ಉಂಟಲ್ಲ ಎಂದುಕೊಂಡು ತಂದು ಇಟ್ಟೆ.

ನಮ್ಮ ಕಡೆ ಯಾರ ತಟ್ಟೆಗೂ ಮೂರು ಇಡುವುದಿಲ್ಲ. ಮೂರು ಇಟ್ಟರೆ ಹಗೆ ಎಂದು ಅರ್ಥ. ಅಮ್ಮ ರೊಟ್ಟಿಯನ್ನು ಕೂಡ ಮೂರು ಇಡುತ್ತಿರಲಿಲ್ಲ. ಮೂರನೆಯದು ಬಡಿಸುವಾಗ ಮೇಲೊಂದು ಚೂರು ಮುರಿದು ಹಾಕುತ್ತಿದ್ದಳು. ಆ ಚೂರಿನಿಂದ ಲೆಕ್ಕ ಸರಿಯಾಗುತ್ತಿತ್ತು. ಮುರಿದ ಹೋಳಿಗೆಯನ್ನು ಹಾಗೇ ಹಾಕಿದ್ದರೂ ಸಾಕಿತ್ತು. ಮೂರು ವರ್ಷದ ಮಗುವಿಗೂ ಗೊತ್ತಿರುವುದು ನನಗೆ ಮರೆತುಹೋಯಿತು.

ತಮ್ಮ ತನ್ನ ತಟ್ಟೆ ನೋಡಿದ. ಅಣ್ಣನ ತಟ್ಟೆ ನೋಡಿದ. "ಅವನಿಗೆ ನಾಕು, ನಂಗೆ ಮೂರೇನಕ್ಕ? ಕರೆಸಿ ಕೂರಿಸಿ ಹಗೆಯವನ ತಟ್ಟೆ ಇಟ್ಯಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ನಕ್ಕುಬಿಟ್ಟ. "ನಿನ್ನ ಯೋಗ್ಯತೆ ನಿಮ್ಮಕ್ಕಂಗೂ ಗೊತ್ತೈತೆ ಕಣಲೇ."

ಕುದಿಯುತ್ತಿದ್ದ ಕಾಫಿ ಅಣ್ಣನ ಮುಖಕ್ಕೆ ಬಿತ್ತು. ಅಣ್ಣ ಕೂಗಿದ್ದು ಹೆದ್ದಾರಿಯ ಆಚೆಗೂ ಕೇಳಿಸಿರಬೇಕು. ಕಣ್ಣು ಬಿಡಲಾಗದೆಯೇ ತಮ್ಮನ ಕುತ್ತಿಗೆಗೆ ಕೈ ಹಾಕಿ ಅವನನ್ನು ಗಾಜಿನ ಶೋಕೇಸಿಗೆ ಅಪ್ಪಳಿಸಿದ. ಗಾಜು ಒಡೆದು ಕೇಕುಗಳ ಮೇಲೆ ಸುರಿಯಿತು. ತಮ್ಮನ ಬೆನ್ನಿನಿಂದ ರಕ್ತ ಬಂತು. ಅವನು ಮೇಲೆದ್ದು ಅಣ್ಣನ ಹೊಟ್ಟೆಗೆ ಒದ್ದ. ಬಿಡಿಸಲು ಹೋದ ನನ್ನ ಗಂಡ ಕುರ್ಚಿಯ ಸಮೇತ ಬಿದ್ದ. ಹುಡುಗಿ "ಅಪ್ಪಾ, ಬ್ಯಾಡಪ್ಪಾ" ಎನ್ನುತ್ತಾ ನಡುವೆ ನುಗ್ಗಿದಳು. ಯಾರ ಮುಷ್ಟಿಯೋ, ಇವತ್ತಿಗೂ ಗೊತ್ತಿಲ್ಲ, ಅವಳ ಬಾಯಿಗೆ ಬಿತ್ತು. ಅವಳು ಅಂಗೈಯಲ್ಲಿ ತನ್ನ ಹಲ್ಲು ಹಿಡಿದುಕೊಂಡು ನನ್ನನ್ನು ನೋಡಿದಳು.

ಅವಳ ಬಾಯಿಯ ರಕ್ತ ನೋಡಿದ ಮೇಲೆ ನನಗೆ ಏನೂ ಕೇಳಿಸಲಿಲ್ಲ. ಬಿಸ್ಕತ್ತಿನ ಹಿಟ್ಟು ಲಟ್ಟಿಸುವ ದಪ್ಪ ಲಟ್ಟಣಿಗೆ ಕೈಗೆ ಬಂತು. ಮೊದಲು ತಮ್ಮನ ಹೆಗಲಿಗೆ ಹೊಡೆದೆ. ಎಲುಬು ಲಟಕ್ಕೆಂದಿತು. ಆಮೇಲೆ ಅಣ್ಣನ ತಲೆಗೆ. ಅವನು ಕುಸಿದ ಮೇಲೂ ಹೊಡೆದೆ. ಹೊಡೆಯುವಾಗ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಗಂಡ ಹಿಂದಿನಿಂದ ತಬ್ಬಿ ಹಿಡಿಯದಿದ್ದರೆ ಅವತ್ತು ಕೊಂದೇ ಬಿಡುತ್ತಿದ್ದೆ.

ಅಷ್ಟರಲ್ಲಿ ನಡೆದದ್ದನ್ನು ನಾನೇ ಕಣ್ಣಾರೆ ಕಂಡೆ. ತಮ್ಮ ತನ್ನ ಟವೆಲ್ ತೆಗೆದು ಅಣ್ಣನ ತಲೆಗೆ ಒತ್ತಿ ಹಿಡಿದ. "ಏಳಣ್ಣ, ಹೋಗಾಣ. ಇವಳು ಮನುಷ್ಯಳಲ್ಲ, ರಾಕ್ಷಸಿ" ಎಂದ. ನಾಲ್ಕು ವರ್ಷದ ಮೇಲೆ ಅವನ ಬಾಯಲ್ಲಿ ಅಣ್ಣ ಎಂಬ ಮಾತು ಬಂದಿತ್ತು. ಅಣ್ಣ ಅವನ ಏಟು ಬೀಳದ ಹೆಗಲಿಗೆ ಕೈ ಹಾಕಿಕೊಂಡು ಎದ್ದ. ಹುಡುಗಿಯನ್ನೂ ಕರೆದುಕೊಂಡು ಒಂದೇ ಗಾಡಿಯಲ್ಲಿ ಹಿರಿಯೂರಿನ ಆಸ್ಪತ್ರೆಗೆ ಹೋದರು. ಜೊತೆಗೆ ಹೋಗಿದ್ದ ಗಂಡ ಬಂದು ಹೇಳಿದ: ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಚಹಾ ಕುಡಿಯುತ್ತಾ ನನ್ನ ಹುಟ್ಟಡಗಿಸುವ ಮಾತಾಡುತ್ತಿದ್ದರಂತೆ. ಡಾಕ್ಟರಿಗೆ ಬೈಕಿನಿಂದ ಬಿದ್ದೆವು ಎಂದು ಇಬ್ಬರೂ ಒಂದೇ ಸುಳ್ಳು ಹೇಳಿದರಂತೆ.

ಗಾಯ ಒಣಗಿತು. ಮದುವೆ ನಿಂತಿತು. ನಾನು ಹತ್ತು ದಿನ ಅತ್ತೆ. ಕೊನೆಗೆ ಹೋಗಿ ಇಬ್ಬರ ಕಾಲಿಗೂ ಬಿದ್ದು ತಪ್ಪಾಯಿತು ಎನ್ನೋಣವೆಂದು ಸೀರೆ ಉಟ್ಟು ನಿಂತಿದ್ದಾಗ ಹುಡುಗಿ ಫೋನ್ ಮಾಡಿದಳು. ಹಲ್ಲು ಹೋದ ಜಾಗದಲ್ಲಿ ಮಾತು ಸೋರುತ್ತಿತ್ತು. ಚಿಕ್ಕಪ್ಪನೇ ಹೊಸದುರ್ಗಕ್ಕೆ ಹೋಗಿ ಮಾತಾಡಿ ಬಂದಿದ್ದಾನೆಂದೂ, ಅವರು ಒಪ್ಪಿ ಮುಹೂರ್ತ ಇಟ್ಟಿದ್ದಾರೆಂದೂ ಹೇಳಿದಳು. ನಾನು ಖುಷಿಗೆ ಕಿರುಚಿಬಿಟ್ಟೆ.

"ಅತ್ತೆ, ಬೈಬ್ಯಾಡ, ಒಂದ್ ಮಾತು" ಎಂದಳು. "ಅಪ್ಪ, ಚಿಕ್ಕಪ್ಪ ದಿನಾ ಒಟ್ಟಿಗೆ ಕುಂತು ನಿನ್ನ ಬೈಕಂತಾರೆ. ಅವ್ರು ಒಂದಾಗಿರೋದು ಅದ್ರಿಂದ್ಲೇ. ನೀನು ಬಂದು ರಾಜಿ ಆದ್ರೆ ಮತ್ತೆ ಅವ್ರವ್ರೇ ಶುರು ಹಚ್ಕಂತಾರೆ. ಮದುವೆಗೆ ನೀನು ಬರಬ್ಯಾಡತ್ತೆ."

ಎದುರಿಗಿದ್ದಿದ್ದರೆ ಕೆನ್ನೆಗೆ ಬಿಡುತ್ತಿದ್ದೆ. ಸಾಕಿದ ಕೈಗೇ ಬಾಗಿಲು ಹಾಕಿದಳಲ್ಲ ಎಂದು ಎದೆ ಉರಿದುಹೋಯಿತು. ಆದರೆ ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಉಟ್ಟಿದ್ದ ಸೀರೆ ಬಿಚ್ಚಿಟ್ಟೆ. ಗಂಡನನ್ನು ಕರೆದು, "ಹೋಗಿ ಅವ್ರಿಬ್ರಿಗೂ ಹೇಳ್ರಿ. ನಾನು ಮಾಡಿದ್ದೇ ಸರಿ. ಇನ್ನೊಂದ್ಸಲ ಈ ಕಡೆ ಬಂದ್ರೆ ಇನ್ನೊಂದ್ಸಲ ತಲೆ ಒಡೀತೀನಿ ಅಂದ್ಲು ಅಂತ ಹೇಳ್ರಿ" ಎಂದೆ.

ಅವನು ಹೋಗಿ ಹೇಳಿದ. ಇಬ್ಬರೂ ಕೆರಳಿ ಕೆಂಡವಾದರಂತೆ. ಧಾರೆಯ ಹೊತ್ತಿಗೆ ಅಣ್ಣನ ಪಕ್ಕ ತಮ್ಮ ನಿಂತಿದ್ದನಂತೆ, ಇಬ್ಬರೂ ಒಂದೇ ಚೊಂಬು ಹಿಡಿದು ನೀರು ಬಿಟ್ಟರಂತೆ. ನಾನು ನೋಡಲಿಲ್ಲ.